ಹೊಲಸು ಹಾಳೆ ಕೇಳುತ್ತಿದ್ದ ಅಕ್ಕಾರು

ಅಕ್ಕಾರ ಮೂಗಿನ ಎಡಹೊಳ್ಳೆಯಲ್ಲಿ ಒಂದು ಹಳೆಯ ಕೆಂಪು ಹರಳಿನ ಮೂಗುಬೊಟ್ಟು ಇತ್ತು. ಮಕ್ಕಳು ಕಳಿಸಿದ ಉತ್ತರ ಓದುವಾಗ ಎಲ್ಲಾದರೂ ಕಳ್ಳತನದ ವಾಸನೆ ಬಡಿದರೆ ಆ ಹೊಳ್ಳೆ ಹರಳಿನ ಸಮೇತ ಮೇಲಕ್ಕೇರುತ್ತಿತ್ತು, ಹಳಸಿದ ಬುತ್ತಿ ಬಿಚ್ಚಿದವರ ಹಾಗೆ. ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದು ಮೇಜಿನ ತುದಿಗೆ ಸರಿಸುತ್ತಿದ್ದರು. ಎದುರಿಗೆ ಕೂತ ನಾನು ಹರಳು ನೋಡಿಯೇ ಇವತ್ತು ಯಾರದೋ ಗ್ರಹಚಾರ ಕೆಟ್ಟಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಉಳಿದವರೆಲ್ಲ ಅವರನ್ನು ಮ್ಯಾಡಮ್ ಅನ್ನುತ್ತಿದ್ದರು. ನಾನು ಅಕ್ಕಲಕೋಟದ ಕನ್ನಡ ಶಾಲೆಯಿಂದ ಹೋದವನು. ನಮ್ಮಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕಾರೇ, ಹಾಗಾಗಿ ಅವರೂ ನನಗೆ ಕಡೆತನಕ ಅಕ್ಕಾರಾಗಿಯೇ ಉಳಿದರು. ಸೊಲ್ಲಾಪುರದ ಚಾದರದ ವ್ಯಾಪಾರಿ ಮನೆತನದ ಮಗಳು. ಮನೆಯವರು ಮದುವೆಗೆ ಗಂಡು ಹುಡುಕಿ ಹುಡುಕಿ ಸುಸ್ತಾಗಿ ಬಿಟ್ಟ ಮೇಲೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಗಣಿತದ ಪುಸ್ತಕಗಳ ಜೊತೆ ನೆಮ್ಮದಿಯಾಗಿ ಇದ್ದುಬಿಟ್ಟಿದ್ದರು. ದೂರದ ಊರಿನ ಒಂದು ವಿಶ್ವವಿದ್ಯಾಲಯ, ಹೈಸ್ಕೂಲಿನಲ್ಲಿ ಲೆಕ್ಕದಲ್ಲಿ ಮುಂದಿರುವ ಮಕ್ಕಳಿಗಾಗಿ ಅಂಚೆಯಲ್ಲಿ ಒಂದು ಕೋರ್ಸ್ ನಡೆಸುತ್ತಿತ್ತು. ಅದರ ಸೊಲ್ಲಾಪುರ ಕೇಂದ್ರ ಅಂದರೆ ಅಕ್ಕಾರು, ಒಂದು ಮೇಜು, ಎರಡು ಕಪಾಟು. ತಿಂಗಳಿಗೊಂದು ಕಂತು ಲೆಕ್ಕ ಮಕ್ಕಳಿಗೆ ಹೋಗುತ್ತಿತ್ತು. ಅವರು ಬಿಡಿಸಿ ಕಳಿಸಿದ್ದನ್ನು ಅಕ್ಕಾರು ತಿದ್ದಿ ವಾಪಸು ಕಳಿಸುತ್ತಿದ್ದರು. ವರ್ಷದ ಕೊನೆಗೆ ಅವರ ಸಹಿಯ ಪ್ರಮಾಣಪತ್ರ ಸಿಗುತ್ತಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಈ ಕೋರ್ಸಿಗೆ ಸೇರಿದೆ. ಮೊದಲ ಕಂತಿನ ಉತ್ತರಗಳನ್ನು ಗೆರೆ ಹಾಕಿ, ಅಂಚು ಬಿಟ್ಟು, ಮುತ್ತು ಪೋಣಿಸಿದ ಹಾಗೆ ಬರೆದು ಕಳಿಸಿದ್ದೆ. ವಾಪಸು ಬಂದಾಗ ಅದರಲ್ಲಿ ಅಂಕ ಇರಲಿಲ್ಲ, ಶಭಾಶ್ ಇರಲಿಲ್ಲ. ಕೆಳಗೆ ಕನ್ನಡದಲ್ಲಿ ಒಂದೇ ಸಾಲು ಇತ್ತು: "ಇದು ಭಾಳ ಸ್ವಚ್ಛ ಐತಿ. ಹೊಲಸ ಹಾಳಿ ಎಲ್ಲಿ ಅದಾವ?"

ಹೊಲಸು ಹಾಳೆ ಅಂದರೆ ಗೀಚಿದ್ದು, ಕಾಟು ಹೊಡೆದದ್ದು, ದಾರಿ ತಪ್ಪಿ ಅರ್ಧಕ್ಕೆ ಬಿಟ್ಟದ್ದು. ಅವರ ಕೋರ್ಸಿನಲ್ಲಿ ಅದನ್ನೂ ಕಳಿಸಲೇಬೇಕಿತ್ತು. ನಾನು ಎಲ್ಲಿಂದ ಕಳಿಸಲಿ? ನಮ್ಮೂರ ಗುಡಿಯ ಹತ್ತಿರ ನಮ್ಮಪ್ಪನ ಪೇಢೆ ಅಂಗಡಿ. ನಾನು ಗೀಚಿ ಎಸೆದ ಹಾಳೆಗಳಲ್ಲೇ ಅಪ್ಪ ಯಾತ್ರಿಕರಿಗೆ ಪೇಢೆ ಕಟ್ಟಿಕೊಟ್ಟಿದ್ದರು. ಹಾಗೆಂದೇ ಬರೆದು ತಿಳಿಸಿದೆ. ಮುಂದಿನ ಭಾನುವಾರ ಅಕ್ಕಾರು ಸರ್ಕಾರಿ ಎಸ್ಟಿ ಬಸ್ಸು ಹಿಡಿದು ಬಂದು ಅಂಗಡಿಯ ಮುಂದೆ ನಿಂತಿದ್ದರು. ಅಪ್ಪ ಗಿರಾಕಿಯೆಂದು ತಿಳಿದು ಕೈಗೊಂದು ಪೇಢೆ ಕೊಟ್ಟರು. ಅಕ್ಕಾರು ಅದನ್ನು ತಿಂದು, ಕೈ ಒರೆಸಿಕೊಂಡು, ಹೇಳಿದರು:

"ಸಾವಕಾರ್ರ, ನಿಮ್ಮ ಮಗನ ತಪ್ಪಿನ್ಯಾಗ ಪೇಢೆ ಕಟ್ಟಬ್ಯಾಡ್ರಿ. ಅವು ನನಗ ಬೇಕು."

ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ನಕ್ಕರು. ಈಕೆಗೆ ತಪ್ಪು ಬೇಕಂತೆ, ನಮ್ಮ ಮನೆಯಲ್ಲಿ ಬೇಕಾದಷ್ಟು ಇವೆ ಎಂದರು. ಆದರೆ ಮರುದಿನದಿಂದ ಪೇಢೆ ಕಟ್ಟಲು ರದ್ದಿ ಪೇಪರು ತರಿಸತೊಡಗಿದರು.

ಅಕ್ಕಾರು ಯಾವ ಲೆಕ್ಕಕ್ಕೂ ಉತ್ತರ ಹೇಳಿಕೊಟ್ಟವರಲ್ಲ. ನನ್ನ ಕಾಟಿನ ಒಳಗೆ ಹೊಕ್ಕು, ಎಲ್ಲಿ ಎಡವಿದೆನೋ ಅಲ್ಲಿ ಪಕ್ಕಕ್ಕೆ ಅದಕ್ಕಿಂತ ಸಣ್ಣದೊಂದು ಲೆಕ್ಕ ಬರೆದು ಬಿಡುತ್ತಿದ್ದರು. ಆ ಸಣ್ಣದು ಬಿಡಿಸಿದರೆ ದೊಡ್ಡದರ ಬಾಗಿಲು ತಾನಾಗಿ ತೆರೆಯುತ್ತಿತ್ತು. ನಾನು ಗಣಿತ ಓದಿ, ಸೊಲ್ಲಾಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದ ಮೇಲೆ, ಶನಿವಾರ ಅವರ ಮೇಜಿನ ಎದುರು ಕೂತು ಉತ್ತರ ತಿದ್ದಲು ನೆರವಾಗತೊಡಗಿದೆ. ಈಗಿನ ಕಾಲಕ್ಕೆ ಮೊಬೈಲಿನಲ್ಲಿ ಫೋಟೋ ತರಿಸಿಕೊಳ್ಳಬಹುದಲ್ಲ ಎಂದು ಒಮ್ಮೆ ಕೇಳಿದ್ದೆ. ಫೋಟೋದಲ್ಲಿ ಮಕ್ಕಳು ತಪ್ಪಿದ ಭಾಗವನ್ನು ಕತ್ತರಿಸಿ ಕಳಿಸುತ್ತವೆ, ನನಗೆ ಇಡೀ ಹಾಳೆ ಬೇಕು ಎಂದರು. ಆ ವಿಷಯ ಅಲ್ಲಿಗೇ ಮುಗಿಯಿತು.

ಇನ್ನು ಕ್ಲಾಸಿನವನ ವಿಷಯ. ಸೊಲ್ಲಾಪುರದಲ್ಲಿ ಯಾವ ಚೌಕಿನಲ್ಲಿ ನಿಂತರೂ ಅವನ ಕೋಚಿಂಗ್ ಕ್ಲಾಸಿನ ಫ್ಲೆಕ್ಸು ಕಾಣುತ್ತಿತ್ತು. ಮಕ್ಕಳ ಫೋಟೋ ಅಂಚೆಚೀಟಿಯಷ್ಟು, ಅವನದು ಬಾಗಿಲಿನಷ್ಟು. ಹೆಸರಾದ ಒಂದು ವಸತಿ ಕಾಲೇಜಿನವರು ಅಕ್ಕಾರ ಪ್ರಮಾಣಪತ್ರ ಇದ್ದ ಮಕ್ಕಳಿಗೆ ಮೊದಲು ಸೀಟು ಕೊಡುತ್ತಾರೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಆ ವರ್ಷ ತನ್ನ ಹತ್ತನೆಯ ತರಗತಿಯ ಒಂದು ಇಡೀ ತಂಡವನ್ನು ಕೋರ್ಸಿಗೆ ಸೇರಿಸಿಬಿಟ್ಟ.

ಆರು ಜನ ಒಂದೆಡೆ ಸೇರಿದರೆ, ಅವರಲ್ಲಿ ಮೂವರು ಒಬ್ಬರಿಗೊಬ್ಬರು ಪರಿಚಿತರಿರಬೇಕು, ಇಲ್ಲವೇ ಮೂವರು ಒಬ್ಬರಿಗೊಬ್ಬರು ಅಪರಿಚಿತರಿರಬೇಕು. ಇದನ್ನು ಸಾಧಿಸಿ ತೋರಿಸಿರಿ ಎಂಬುದು ಆ ಸಲದ ಒಂದು ಲೆಕ್ಕ. ಕ್ಲಾಸಿನ ಮಕ್ಕಳ ಲಕೋಟೆಗಳು ಒಂದೇ ದಿನ ಬಂದವು. ಮೊದಲನೆಯದರಲ್ಲಿ ಉತ್ತರ ಸರಿಯಿತ್ತು, ಜೊತೆಗೆ ಹೊಲಸು ಹಾಳೆಯೂ ಇತ್ತು. ಐದು ಜನರನ್ನು ತೆಗೆದುಕೊಂಡು ಶುರುಮಾಡಿ, ಅರ್ಧಕ್ಕೆ ಎರಡು ಗೆರೆಯ ಕಾಟು ಎಳೆದು, ಪಕ್ಕದಲ್ಲಿ ಮರಾಠಿಯಲ್ಲಿ "ಅರೇ, ಚುಕಲಂ" ಎಂದು ಬರೆದಿತ್ತು. ಅಯ್ಯೋ ತಪ್ಪಿತು ಎಂದು. ನನಗೆ ಖುಷಿಯಾಯಿತು. ಎರಡನೆಯದು ತೆರೆದೆ. ಅಲ್ಲೂ ಐದು ಜನ, ಅದೇ ಜಾಗದಲ್ಲಿ ಎರಡು ಗೆರೆಯ ಕಾಟು, ಪಕ್ಕದಲ್ಲಿ "ಅರೇ, ಚುಕಲಂ". ಮೂರನೆಯದರಲ್ಲೂ ಅದೇ. ಕೊನೆಯ ಲಕೋಟೆಯವರೆಗೂ ಅದೇ.

ಆ ಮನುಷ್ಯ ಸರಿ ಉತ್ತರ ಬರೆಸಿದ್ದು ಸಾಲದೆಂದು, ತಪ್ಪು ಹೇಗೆ ಮಾಡಬೇಕು, ಎಲ್ಲಿ ಕಾಟು ಎಳೆಯಬೇಕು, ತಪ್ಪಿದ ಮೇಲೆ ಏನೆಂದು ಉದ್ಗರಿಸಬೇಕು ಎಂಬುದನ್ನೂ ಬೋರ್ಡಿನ ಮೇಲೆ ಬರೆದು ಕೊಟ್ಟಿದ್ದ. ನಾನು ನಗಲು ಹೋದೆ. ಅಕ್ಕಾರ ಮೂಗಿನ ಹರಳು ಆಗಲೇ ಮೇಲಕ್ಕೇರಿತ್ತು.

"ಸುಳ್ಳ ಉತ್ತರ ಬರಸಿದ್ರ ತಡಕೋತಿದ್ದೆ ತಮ್ಮಾ," ಎಂದರು. "ಸುಳ್ಳ ತಪ್ಪ ಬರಸ್ಯಾನ. ಈ ಹುಡುಗೂರಿಗೆ ತಮ್ಮ ತಪ್ಪ ತಾವು ಮಾಡೂದಕ್ಕೂ ಬಿಟ್ಟಿಲ್ಲ. ಇಷ್ಟ ಹೇಸಿಗಿ ನಾ ಎಲ್ಲೂ ನೋಡಿಲ್ಲ."

ಆ ತಂಡದ ಯಾರಿಗೂ ಪ್ರಮಾಣಪತ್ರ ಇಲ್ಲ ಎಂದು ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿಂದ ವಿಭಾಗದ ಮುಖ್ಯಸ್ಥನ ಫೋನು ಬಂತು. ನೀವು ಕಾಟು ಹೊಡೆದ ಹಾಳೆ ಕೇಳಿದಿರಿ, ಮಕ್ಕಳು ಕೊಟ್ಟಿದ್ದಾರೆ, ನಿಯಮ ಪಾಲಿಸಿದ್ದಾರೆ, ಇನ್ನೇನು ಬೇಕು ಎಂದನಂತೆ. ಇಷ್ಟು ಜನ ಒಮ್ಮೆಲೇ ಸೇರಿರುವಾಗ ಹಟ ಮಾಡಿದರೆ ಕೋರ್ಸಿಗೇ ಧಕ್ಕೆ ಎಂದೂ ಅಂದನಂತೆ. ನನ್ನ ಸಹಿ ಆಗುವುದಿಲ್ಲ ಎಂದು ಹೇಳಿ ಅಕ್ಕಾರು ಫೋನು ಇಟ್ಟರು. ಓದಿಕೊಂಡವರ ಈ ನಾಜೂಕು ಮಾತು ಕ್ಲಾಸಿನವನ ಕಳ್ಳತನಕ್ಕಿಂತ ನನಗೆ ಹೆಚ್ಚು ಅಸಹ್ಯ ಹುಟ್ಟಿಸಿತು.

ಅದಾದ ವಾರಕ್ಕೆ ಅಕ್ಕಲಕೋಟದ ಹತ್ತಿರದ ಕುರನೂರಿನಿಂದ ಕುರಿ ಸಾಕುವವರೊಬ್ಬರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಗಳ ಜೊತೆ ಬಂದರು. ಹುಡುಗಿ ಆ ತಂಡದವಳೇ. ಪ್ರಮಾಣಪತ್ರ ಸಿಕ್ಕರೆ ಆ ವಸತಿ ಕಾಲೇಜಿನಲ್ಲಿ ಸೀಟು, ಇಲ್ಲದಿದ್ದರೆ ಇಲ್ಲ. ಹುಡುಗಿ ಶಾಣ್ಯಾಳು, ಕ್ಲಾಸಿನವರು ಬರಿ ಎಂದರು, ಬರೆದಳು, ಅವಳದೇನು ತಪ್ಪು ಎಂದು ಕೈ ಮುಗಿದರು. ಅಕ್ಕಾರು ಅವರನ್ನು ಕೂರಿಸಿ, ಚಹಾ ತರಿಸಿ, ಹುಡುಗಿಯ ಕಡೆ ತಿರುಗಿದರು. ಅವಳು ನೆಲ ನೋಡುತ್ತಾ, ನಾ ಏನೂ ಮಾಡಿಲ್ರಿ, ಬೋರ್ಡ್ ನೋಡಿ ಬರದೀನ್ರಿ ಎಂದಳು. ಹಾಗಾದರೆ ಈಗ ಮಾಡು ಎಂದು ಅದೇ ಆರು ಜನರ ಲೆಕ್ಕವನ್ನು ಮುಂದಿಟ್ಟರು.

ಚಹಾ ಆರಿತು. ಅವಳ ಅಪ್ಪ ಎರಡು ಸಲ ಹೊರಗೆ ಹೋಗಿ ಬಂದರು. ಕೊನೆಗೆ ಹುಡುಗಿ ತಲೆ ಎತ್ತಿ ಹೇಳಿದಳು:

"ಅಕ್ಕಾರ, ಕುರನೂರಾಗ ಯಾವ ಆರ ಮಂದಿ ಕೂಡಿದ್ರೂ ಎಲ್ಲಾರೂ ಗುರ್ತದವರ ಇರ್ತಾರ್ರಿ. ಮತ್ತ ಮೂರ ಮಂದಿನ ಹುಡಕೂದ್ಯಾಕ?"

ಅಕ್ಕಾರು ಆವತ್ತು ನಕ್ಕ ಹಾಗೆ ನಕ್ಕಿದ್ದನ್ನು ನಾನು ಎಂದೂ ನೋಡಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹುಡುಗಿಯ ತಲೆ ಸವರಿ, "ಇದು ನಿಂದ ತಪ್ಪ, ಇದನ್ನ ಯಾರೂ ಬೋರ್ಡ್ ಮ್ಯಾಲ ಬರಿಯಾಂಗಿಲ್ಲ" ಎಂದರು. ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತ ಆರು ಜನರ ಗತಿಯೇನು ಎಂದು ಕೇಳಿದರು. ಹುಡುಗಿ ಯೋಚನೆಗೆ ಬಿದ್ದಳು. ಇನ್ನೇನು ಸಹಿ ಹಾಕುತ್ತಾರೆ ಎಂದು ನಾನೂ ಆ ತಂದೆಯೂ ಕಾದೆವು. ಹಾಕಲಿಲ್ಲ. ಮುಂದಿನ ವರ್ಷ ನೀನೇ ಮಾಡಿ ತಗೋ ಎಂದರು.

ತಂದೆ ಸಿಟ್ಟಿನಿಂದ ಎದ್ದರು. ಇಷ್ಟು ನಕ್ಕು ಒಂದು ಸಹಿ ಮಾಡಲು ಏನು ಅಡ್ಡಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ನನಗೂ ಸಿಟ್ಟು ಬಂದಿತ್ತು. ಕಳ್ಳನನ್ನು ಬಿಟ್ಟು ಈ ಹುಡುಗಿಗೆ ಯಾಕೆ ಶಿಕ್ಷೆ ಎಂದು ಕೇಳಿಯೇಬಿಟ್ಟೆ. ಸುಳ್ಳಿನ ಮೇಲೆ ತಾನು ಸಹಿ ಹಾಕಿಬಿಟ್ಟರೆ ಆ ಹುಡುಗಿ ನಾಳೆ ತನ್ನ ತಲೆಯಿಂದ ತಪ್ಪು ಮಾಡುವುದನ್ನೇ ಬಿಟ್ಟುಬಿಡುತ್ತಾಳೆ ಎಂದರು. ಅವರ ದನಿ ಗಟ್ಟಿಯಾಗಿರಲಿಲ್ಲ. ಆವತ್ತು ಅವರು ಊಟ ಮಾಡಲಿಲ್ಲವೆಂದು ಅವರ ಅತ್ತಿಗೆ ಆಮೇಲೆ ಹೇಳಿದರು.

ಮುಂದಿನ ವರ್ಷ ಎಂಬುದೇ ಬರಲಿಲ್ಲ. ಅಂಚೆಯ ಕೋರ್ಸನ್ನು ಮುಚ್ಚಿ ಮೊಬೈಲಿಗೆ ತಂದರು: ಒಂದು ಪ್ರಶ್ನೆ, ನಾಲ್ಕು ಉತ್ತರ, ಒಂದನ್ನು ಒತ್ತಿ ಮುಂದೆ ಹೋಗಬೇಕು. ಸೊಲ್ಲಾಪುರದಲ್ಲಿ ಅದನ್ನು ನಡೆಸುವ ಹೊಣೆ ಯಾರಿಗೆ ಹೋಯಿತೆಂದು ಹೇಳಬೇಕೇ? ಅದೇ ಕ್ಲಾಸಿನವನಿಗೆ. ಅಕ್ಕಾರಿಗೆ ಒಂದು ಸಭೆ ಮಾಡಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ನಮ್ಮ ಮನೆಯಲ್ಲಿ ಹೊದಿಯುವುದಕ್ಕೇನೂ ಬರವಿಲ್ಲ ಎಂದು ಅಕ್ಕಾರು ಶಾಲನ್ನು ಕುರ್ಚಿಯ ಮೇಲೆಯೇ ಬಿಟ್ಟು ಬಂದರು.

ಆಮೇಲೆ ಅಂಗಡಿಯ ಮೇಲಿನ ಕೋಣೆಯಿಂದ ತಾವೇ ಕೆಲವು ಮಕ್ಕಳಿಗೆ ಲೆಕ್ಕ ಕಳಿಸತೊಡಗಿದರು. ಅದಕ್ಕೆ ಪ್ರಮಾಣಪತ್ರವಿಲ್ಲ, ಸೀಟಿಲ್ಲ. ಹೆಚ್ಚಿನವರು ಒಂದೆರಡು ಕಂತಿಗೇ ನಿಂತರು. ಅಕ್ಕಲಕೋಟದ ಕಾಲೇಜು ಸೇರಿದ್ದ ಕುರನೂರಿನ ಹುಡುಗಿ ಮಾತ್ರ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆ ಅಕ್ಕಾರ ಕಣ್ಣನ್ನು ತಿಂದ ಮೇಲೆ ಅವಳ ಉತ್ತರಗಳನ್ನು ನಾನು ಓದಿ ಹೇಳುತ್ತಿದ್ದೆ. ಆಸ್ಪತ್ರೆಯ ಮಂಚದ ಮೇಲೂ, ಕಾಟು ಹೊಡೆದದ್ದನ್ನೂ ಓದು ತಮ್ಮಾ ಎನ್ನುತ್ತಿದ್ದರು. ಕಳೆದ ಬೇಸಿಗೆಯಲ್ಲಿ ತೀರಿಕೊಂಡರು.

ಶ್ರದ್ಧಾಂಜಲಿ ಸಭೆ ಏರ್ಪಡಿಸಿದವನು ಕ್ಲಾಸಿನವನೇ. ವೇದಿಕೆಯ ಹಿಂದೆ ಅಕ್ಕಾರ ಫೋಟೋ ಇದ್ದ ಫ್ಲೆಕ್ಸು, ಅದರಲ್ಲಿ ಅವನ ಫೋಟೋ ಅವರದಕ್ಕಿಂತ ದೊಡ್ಡದು. ಮ್ಯಾಡಮ್ ನಮ್ಮ ಪ್ರೇರಣೆ, ಇನ್ನು ಮುಂದೆ ಮೊಬೈಲ್ ಕೋರ್ಸಿಗೆ ಅವರದೇ ಹೆಸರು ಎಂದು ಸಾರಿದ. ಅವರ ಅಚ್ಚುಮೆಚ್ಚಿನ ಶಿಷ್ಯರು ನಮಗೆ ಮಾರ್ಗದರ್ಶಕರಾಗಿ ಇರುತ್ತಾರೆ ಎಂದು ನನ್ನನ್ನು ಕೇಳದೆಯೇ ನನ್ನ ಹೆಸರು ಕರೆದ. ಸತ್ತವರ ಬಾಯಿಗೆ ಎಂಜಲು ತುರುಕುವುದನ್ನು ಕಂಡಂತಾಗಿ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ನಡೆದೆ.

ಮೆಟ್ಟಿಲ ಮೇಲೆ ಹಿಂದಿನಿಂದ ಯಾರೋ ಸರ್ ಎಂದು ಕರೆದರು. ಕುರನೂರಿನ ಹುಡುಗಿ. ಅತ್ತು ಕಣ್ಣು ಕೆಂಪಾಗಿತ್ತು.

"ಅಕ್ಕಾರು ಕೊಟ್ಟ ಕಡೀ ಲೆಕ್ಕ ಇನ್ನಾ ಬಿಡಸಾಕ ಬಂದಿಲ್ರಿ ಸರ. ಮಾಡಾಕತ್ತೀನಿ. ಯಾರಿಗೆ ಕಳಸ್ಲಿ?"

ನನ್ನ ಮನೆಯ ವಿಳಾಸ ಹೇಳಿದೆ. ಒಳಗೆ ಜೋರಾಗಿ ಚಪ್ಪಾಳೆ ನಡೆದಿತ್ತು. ಅವಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಪಿನ್‌ಕೋಡನ್ನು ಇನ್ನೊಮ್ಮೆ ಹೇಳಿದೆ.