ಎರಡು ಹಾಳೆಗಳ ನಡುವಿನ ಬಾವಿ

೧೯೯೭, ಜೂನ್ ಒಂಬತ್ತು, ಸೋಮವಾರ. ಬೆಳಗ್ಗೆ ಐದೂ ನಲವತ್ತು. ಶಿಡ್ಲಘಟ್ಟ, ನಮ್ಮ ಬಡಾವಣೆಯ ಮೂರನೇ ಅಡ್ಡರಸ್ತೆ. ಹಾಜರಿದ್ದವರು ನಾನು ಮತ್ತು ನನ್ನ ಊರುಗೋಲು. ಹದಿನೈದು ವರ್ಷ ಒಂದೇ ಹೊತ್ತಿಗೆ ನಡೆದವನಿಗೆ ದಾರಿಯ ವಾಸನೆಗಳೂ ವೇಳಾಪಟ್ಟಿಯಂತೆ ಗೊತ್ತಿರುತ್ತವೆ: ಮೊದಲು ಹಾಲಿನ ಕ್ಯಾನು, ಆಮೇಲೆ ಕುದಿಯುವ ರೇಷ್ಮೆಗೂಡು. ಇವತ್ತು ಎರಡರ ನಡುವೆ, ಡಾಂಬರಿನೊಳಗಿಂದ, ಪಾಚಿಯ ತಣ್ಣನೆಯ ವಾಸನೆ ಬಂತು.

ನಿಮಗೆ ಹೇಳಬೇಕು, ಈ ರಸ್ತೆ ನಾನೇ ಎಳೆದ ಗೆರೆ. ಆಗ ಬಡಾವಣೆಗಳ ನಕ್ಷೆ ಬರೆಯುವುದು ನನ್ನ ಕಸುಬು. ಹಿಪ್ಪುನೇರಳೆ ತೋಟದ ಒಡೆಯರು ತಮ್ಮ ತಮ್ಮ ಹೊಲದೊಳಗೇ ನಿವೇಶನ ಮಾಡಿ, ರಸ್ತೆಯನ್ನು ಬೇಲಿಯ ಹತ್ತಿರ ನಿಲ್ಲಿಸಿಬಿಡುತ್ತಿದ್ದರು. ಪಕ್ಕದ ಬೀದಿಗೆ ಹೋಗಲು ಊರು ಸುತ್ತಬೇಕು. ಅಂಥ ಎರಡು ತೋಟಗಳ ನಕ್ಷೆಯ ಹಾಳೆಗಳನ್ನು ಜೋಡಿಸಿದಾಗ ನಡುವೆ ಬೆರಳಗಲ ಬಿಳಿ ಉಳಿಯಿತು. ಖಾಲಿ ಬಿಡುವುದು ನನ್ನ ಜಾಯಮಾನಕ್ಕೆ ಒಗ್ಗದು. ಎರಡೂ ರಸ್ತೆ ಕೂಡಿಸಲು ಅಡಿಕೋಲು ಇಟ್ಟೆ.

ಸರಪಳಿ ಹಿಡಿದು ಅಳೆಯುತ್ತಿದ್ದ ಮುನಿಯಪ್ಪ ಇಣುಕಿ, “ಸಾರ್, ಅಲ್ಲಿ ಕಲ್ಲುಬಾವಿ ಐತೆ. ನೀವೇ ನೀರು ಕುಡಿದಿದ್ರಲ್ಲ!” ಎಂದ.

“ಯಾವ ಹಾಳೇಲೂ ಇಲ್ವಲ್ಲಪ್ಪ.”

“ಎರಡು ಹೊಲಕ್ಕೂ ಒಂದೇ ಬಾವಿ. ಇವ್ರು ಅವ್ರ ಹಾಳೇಲಿರ್ತದೆ ಅಂದ್ಕೊಂಡ್ರು, ಅವ್ರು ಇವ್ರ ಹಾಳೇಲಿ. ಬಾವಿ ಮಾತ್ರ ಇದ್ದಲ್ಲೇ ಐತೆ.”

ನಾನು ಗೆರೆ ಎಳೆದೆ. ಬಾವಿಗೆ ಮಣ್ಣು ತುಂಬದೆ, ಬರೀ ಚಪ್ಪಡಿ ಹಾಸಿ ರಸ್ತೆ ಮಾಡಿದ್ದಾರೆಂದು ಮುನಿಯಪ್ಪ ಬಂದು ಹೇಳಿದಾಗಲೂ ಸುಮ್ಮನಿದ್ದೆ. ಗೂಡಿನ ಮಾರುಕಟ್ಟೆಗೆ ದಾರಿ ಅರ್ಧವಾಯಿತು, ಜನ ಹೊಗಳಿದರು. ಎತ್ತುಗಳು ಮಾತ್ರ ಅಲ್ಲಿ ನಿಂತು, ಮೂಸಿ, ಅಂಚು ಹಿಡಿದು ಸಾಗುತ್ತಿದ್ದವು. ಬಾವಿಯ ಗೋಡೆಯಲ್ಲಿದ್ದ ಪಾರಿವಾಳಗಳು ಎಷ್ಟೋ ವರ್ಷ ಸಂಜೆ ಆ ಜಾಗದ ಮೇಲೇ ಸುತ್ತಿ, ಇಳಿಯಲು ಬಾಯಿ ಸಿಗದೆ ಚದುರುತ್ತಿದ್ದವು. ನಾನು ಗಡಿಯಾರ ನೋಡಿಕೊಂಡು ಮನೆಗೆ ಹೋಗುತ್ತಿದ್ದೆ.

ಇವತ್ತು ಕೋಲು ಕುಟ್ಟಿದೆ. ಟೊಳ್ಳು. ಡಾಂಬರು ಬಿಟ್ಟ ಬಿರುಕಿನೊಳಕ್ಕೆ ಒಂದು ಕಲ್ಲು ಬಿಟ್ಟು ಎಣಿಸಿದೆ: ಒಂದು, ಎರಡು, ಮೂರು. ನೀರಿನ ಸದ್ದು ಬರಲಿಲ್ಲ. ರೆಕ್ಕೆ ಬಡಿದ ಸದ್ದು ಬಂತು.

ಎಂಟಕ್ಕೆ ಶಾಲೆಯ ವ್ಯಾನು ಬರುವ ದಾರಿ ಅದು. ಮುನಿಯಪ್ಪನನ್ನು ಎಬ್ಬಿಸಿ ಕರೆತಂದೆ. ಇಬ್ಬರೂ ಕಲ್ಲು, ಮುಳ್ಳುಕೊಂಬೆ ಎಳೆದು ಅಡ್ಡ ಹಾಕಿದೆವು. ಗೂಡಿನ ಟೆಂಪೋದವನು ತಲೆ ಹೊರಗೆ ಹಾಕಿ, “ಏನ್ ಸಾರ್, ನೀವೇ ಬಿಡಿಸಿದ್ ರೋಡು, ನೀವೇ ಮುಚ್ತೀರಾ?” ಎಂದು ನಕ್ಕ.

“ಇಲ್ಲಿ ಬಾವಿ ಐತಪ್ಪ,” ಎಂದ ಮುನಿಯಪ್ಪ.

“ಯಾರ್ ಹೇಳಿದ್ದು?”

ಮುನಿಯಪ್ಪ ನನ್ನ ಮುಖ ನೋಡಿದ.

“ಗೆರೆ ಎಳೆದವನು ನಾನೇ. ಗೊತ್ತಿದ್ದೇ ಎಳೆದೆ,” ಎಂದೆ.

ಹತ್ತಕ್ಕೆ ಅದನ್ನೇ ಬರೆದು ಪುರಸಭೆಗೆ ಕೊಟ್ಟೆ. ಸಂಜೆ ಆರಕ್ಕೆ ಟ್ರಂಕಿನಿಂದ ಹಳೆಯ ಹಾಳೆಗಳನ್ನು ತೆಗೆದು, ಜೋಡಿಸಿ, ರಸ್ತೆಯ ನಟ್ಟನಡುವೆ ಕೆಂಪು ಶಾಯಿಯಲ್ಲಿ ಬಾವಿಯ ವೃತ್ತ ಬರೆದೆ. ಆರೂಕಾಲಿಗೆ ಶಾಯಿ ಒಣಗಿತು. ನಡುವೆ ಕೈವಾರದ ಮೊನೆ ಮಾಡಿದ ಸಣ್ಣ ತೂತು. ಅದರ ಮೇಲೆ ಬೆರಳಿಡಲು ಧೈರ್ಯವಾಗದೆ, ಅಂಚು ಹಿಡಿದು ಹಾಳೆ ಸುತ್ತಿಟ್ಟೆ.