ಸೊಟ್ಟ ಬಾಯಿಯ ಪಾವು

ತಕ್ಕಡಿ ರಿಪೇರಿಯ ಮುಳ್ಳಪ್ಪ ಸುಳ್ಳನ್ನೇ ಹೇಳದ ಸತ್ಯವಂತನೇನೂ ಅಲ್ಲ. "ನಾಳೆ ಬನ್ನಿ, ರೆಡಿ ಇರುತ್ತೆ" ಎಂದು ದಿನಾ ಹೇಳುತ್ತಿದ್ದ. ಆ ನಾಳೆ ವಾರ ಕಳೆದರೂ ಬರುತ್ತಿರಲಿಲ್ಲ. ಆದರೆ ತೂಕ, ಅಳತೆಯ ವಿಷಯದಲ್ಲಿ ಮಾತ್ರ ಅವನ ಬಾಯಿಂದ ಸುಳ್ಳು ಹೊರಟದ್ದಿಲ್ಲ. ಹಾಗಿರುವಾಗ ಈಗ ಮ್ಯೂಸಿಯಂ ಆಗಿರುವ ಹಳೆಯ ಸುಂಕದ ಮನೆಯ ಮೇಡಂ ಹೊಸ ಕಪಾಟಿನ ಮುಂದೆ ನಿಂತು, "ಯಜಮಾನ್ರೇ, ಅರ್ಧ ಸೇರು ಇದೆ, ಚಟಾಕೂ ಇದೆ. ಮಧ್ಯದ ಪಾವು ಎಲ್ಲಿ?" ಎಂದು ಕೇಳಿದಾಗ, "ಅದು ಸಿಗ್ಲಿಲ್ಲಮ್ಮ" ಎಂದುಬಿಟ್ಟ. ಬೇರೆ ಯಾರೋ ಹೇಳಿದ ಹಾಗೆ ಆ ಮಾತು ಅವನ ಕಿವಿಗೆ ಬಿತ್ತು. ಪಾವು ಅವನ ಅಂಗಡಿಯಲ್ಲೇ, ಕೆಲಸದ ಮೇಜಿನ ಕೆಳಗೆ, ಹಳೆಯ ಅಂಗಿಯೊಂದರಲ್ಲಿ ಸುತ್ತಿಕೊಂಡು ಕೂತಿತ್ತು.

ಅಪ್ಪ ಅಮ್ಮ ಅವನಿಗಿಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಈಗ ಯಾರಿಗೂ ಗೊತ್ತಿಲ್ಲ. ಯಾರು ಯಾವ ಜಗಳ ತಂದರೂ "ಮುಳ್ಳು ಏನ್ ಹೇಳುತ್ತೆ ನೋಡೋಣ" ಅನ್ನುತ್ತಿದ್ದನಲ್ಲ, ತಕ್ಕಡಿಯ ಮುಳ್ಳೇ ಅವನ ಹೆಸರಾಯಿತು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಗಲುವಷ್ಟು ಜಾಗ. ಗೋಡೆ ತುಂಬ ತಕ್ಕಡಿಯ ತಟ್ಟೆಗಳು, ಸರಪಳಿಗಳು. ಮೂಲೆಯಲ್ಲಿ ಸವೆದ ತೂಕದ ಬಟ್ಟುಗಳ ಹೊಟ್ಟೆಗೆ ಸೀಸ ಕರಗಿಸಿ ಹುಯ್ಯುವ ಪುಟ್ಟ ಒಲೆ. ಮನೆಯಲ್ಲೂ ಅದೇ ಬುದ್ಧಿ. ಮಗಳು ಚಿಕ್ಕವಳಿದ್ದಾಗ ಪಕ್ಕದ ಮನೆಯ ಮಕ್ಕಳೊಂದಿಗೆ ಬೆಲ್ಲಕ್ಕೆ ಕಿತ್ತಾಡಿದರೆ ತಕ್ಕಡಿ ತಂದು ತೂಗಿ ಹಂಚುತ್ತಿದ್ದ. ಮುಳ್ಳು ನಿಲ್ಲುವ ಹೊತ್ತಿಗೆ ಮಕ್ಕಳಿಗೆ ಬೆಲ್ಲವೇ ಬೇಡವಾಗಿರುತ್ತಿತ್ತು. ಕಸುಬಿನಲ್ಲಿ ಅವನದು ಒಂದೇ ಹಟ: ಕಡಿಮೆ ತೂಗುವ ಬಟ್ಟು, ಕಡಿಮೆ ಅಳೆಯುವ ಮಾನ ಅವನ ಹೊಸ್ತಿಲು ದಾಟಕೂಡದು. ಸರಿಮಾಡಿಯೇ ಕೊಡಬೇಕು, ಇಲ್ಲವೇ ಒಳಗೇ ಇಟ್ಟುಕೊಳ್ಳಬೇಕು.

ಆ ಪಾವು ಬಂದದ್ದು ಹೆಂಡತಿಯ ಜೊತೆ. ಅವಳ ಅಪ್ಪ ಸುಂಕದ ಮನೆಯಲ್ಲಿ ಮೂಟೆ ಹೊರುತ್ತಿದ್ದವರು. ಊರೊಳಗೆ ಬರುವ ಕಾಳುಕಡಿಯೆಲ್ಲ ಆ ಮನೆಯ ಕಲ್ಲುಹಾಸಿನ ಮೇಲೆ ಸುರಿದು, ಅಳೆದು, ಸುಂಕ ಕಟ್ಟಿಯೇ ಮುಂದೆ ಹೋಗಬೇಕಿದ್ದ ಕಾಲ. ಹುಡುಗಿ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋದವಳು ಅಲ್ಲೇ ಕಂಬಕ್ಕೊರಗಿ ಕೂತು ಅಳೆಯುವವರ ಕೈಯನ್ನೇ ನೋಡುತ್ತಿದ್ದಳಂತೆ. ಮುಂದೆ ಕಿಲೋ ಬಂತು, ಲೀಟರು ಬಂತು, ಸುಂಕದ ಮನೆಗೆ ಬೀಗ ಬಿತ್ತು. ಹಿತ್ತಾಳೆಯ ಅಳತೆಗಳು ಸಿಕ್ಕಿದವರ ಪಾಲಾದವು. ಅವಳ ಅಪ್ಪನ ಪಾಲಿಗೆ ಬಂದದ್ದು ಈ ಪಾವು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಮುಳ್ಳಪ್ಪ ಅದರ ಅಂಚಿನಲ್ಲಿ ಪುಟ್ಟ ತಕ್ಕಡಿಯ ಮುದ್ರೆ ಇರುವುದನ್ನು ಕಂಡು, ಇದರ ಒಡಹುಟ್ಟಿದವು ಎಲ್ಲೆಲ್ಲಿವೆಯೋ ಎಂದು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ. ಅವಳು ಅದನ್ನು ಸುಮ್ಮನೆ ಬಿಡಲಿಲ್ಲ.

ಆಮೇಲೆ ಅವಳು ಹೊಗದ ಮನೆಯಿಲ್ಲ. ಸೇರು ಒಬ್ಬರ ಮನೆಯಲ್ಲಿ ಕೋಳಿಗೆ ನೀರಿಡುವ ಪಾತ್ರೆಯಾಗಿತ್ತು. ಇನ್ನೊಬ್ಬರ ಮನೆಯಲ್ಲಿ ಎರಡು ಸೇರಿನ ಬಳ್ಳದೊಳಗೆ ಹೂವಿನ ಗಿಡ ಬೆಳೆದು ನಿಂತಿತ್ತು; ಗಿಡಕ್ಕೆ ನೋವಾಗದ ಹಾಗೆ ಬೇರೆ ಕುಂಡಕ್ಕೆ ಬದಲಾಯಿಸಿಕೊಟ್ಟು ಬಳ್ಳ ತಂದಳು. ಹಳೆಯದನ್ನು ಕೊಟ್ಟವರಿಗೆ ಹೊಸ ಸ್ಟೀಲ್ ಪಾತ್ರೆ. ಮನೆಯ ಒಳ್ಳೊಳ್ಳೆ ಪಾತ್ರೆಗಳೆಲ್ಲ ಹೀಗೆ ಊರ ಪಾಲಾದವು. ಮುಳ್ಳಪ್ಪ ಬೈಯುತ್ತಿದ್ದ, ತವರಿನವರು ಕೊಡದೆ ಉಳಿಸಿದ್ದನ್ನೆಲ್ಲ ಈಗ ಊರಿಂದ ವಸೂಲು ಮಾಡುತ್ತಿದ್ದಾಳೆ ಎಂದು ರೇಗಿಸುತ್ತಿದ್ದ, ರಾತ್ರಿ ಊಟವಾದ ಮೇಲೆ ಅವಳ ಜೊತೆ ಕೂತು ಬೂದಿ ಹಚ್ಚಿ ಉಜ್ಜುತ್ತಿದ್ದ. ತೂಕದ ಬಟ್ಟುಗಳು, ಆಳೆತ್ತರದ ತಕ್ಕಡಿಯ ದಂಡಿಗೆ, ಮುದ್ರೆ ಒತ್ತುವ ಉಕ್ಕಿನ ಅಚ್ಚು, ಒಂದೊಂದೇ ಬಂದು ಮಲಗುವ ಕೋಣೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗ ಹಿಡಿದವು.

"ಇವೆಲ್ಲ ಆ ಮನೆ ಸಾಮಾನು ಕಣ್ರೀ. ಒಂದಿನ ಆ ಮನೆ ಬಾಗ್ಲು ತೆಗೀತಾರೆ, ಆಗ ಒಂದೂ ಬಿಡ್ದೆ ಕೊಟ್ಬಿಡ್ಬೇಕು" ಅನ್ನುತ್ತಿದ್ದಳು. ನಿನ್ನ ಅಕ್ಕಿ ಡಬ್ಬದಲ್ಲಿರುವ ಪಾವೋ ಎಂದು ಅವನು ಕೇಳಿದರೆ, "ಅದೂನೂ. ನಾನಿರೋ ತನಕ ಮಾತ್ರ ಇಲ್ಲಿರ್ಲಿ."

ಪಾವಿನ ವಿಷಯದಲ್ಲಿ ಗಂಡ ಹೆಂಡತಿಗೆ ದಿನವೂ ಒಂದು ಸಣ್ಣ ಜಗಳ. ಅವಳು ಅಕ್ಕಿ ಮೊಗೆದವಳು ಪಾವನ್ನು ಡಬ್ಬದ ಅಂಚಿಗೆ ಟಣ್ ಟಣ್ ಎಂದು ಕುಟ್ಟಿ, ಆಮೇಲೆ ಮೇಲೊಂದು ಹಿಡಿ ಸುರಿದು ಗೋಪುರ ಎಬ್ಬಿಸುತ್ತಿದ್ದಳು. ದಿನಾ ಕುಟ್ಟಿ ಕುಟ್ಟಿ ಪಾವಿನ ಬಾಯಿ ಒಂದು ಕಡೆ ಒಳಕ್ಕೆ ತಗ್ಗಿ ಸೊಟ್ಟಗಾಯಿತು. ಅಳೆದು ನೋಡಿದರೆ ಕಡಿಮೆ. ತಕ್ಕಡಿಯವನ ಮನೆಯಲ್ಲೇ ಕಳ್ಳ ಅಳತೆ! ಕೊಡು, ಒಂದೇ ಏಟಿಗೆ ಸರಿಮಾಡುತ್ತೇನೆ ಎಂದು ಅವನು ಎಷ್ಟು ಗೋಗರೆದರೂ ಅವಳು ಕೊಟ್ಟವಳಲ್ಲ. "ಅಂಗಡೀಲಿ ನಿಮ್ಮ ನ್ಯಾಯ ನಡೀಲಿ. ಒಲೆ ಮುಂದೆ ನಂದು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೋದ ವರ್ಷ ಅವಳು ಹೋದಳು. ಜ್ವರ ಎಂದು ಮಲಗಿದವಳು ಏಳಲೇ ಇಲ್ಲ. ನೆಂಟರೆಲ್ಲ ಸೇರಿ ಮನೆ ಗಿಜಿಗುಡುತ್ತಿದ್ದ ದಿನಗಳಲ್ಲಿ ಯಾರೋ ಅಡುಗೆಮನೆಯಲ್ಲಿ ಅಕ್ಕಿ ಮೊಗೆದ ಸದ್ದು ಕೇಳಿಸಿತು. ಕುಟ್ಟುವ ಸದ್ದಿಲ್ಲ, ಬರೇ ಸುರಿಯುವ ಸದ್ದು. ಮುಳ್ಳಪ್ಪನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಪಾವನ್ನು ಅಂಗಿಯಲ್ಲಿ ಸುತ್ತಿ ಅಂಗಡಿಗೆ ಸಾಗಿಸಿದ. ಮಗಳು, ಅಳಿಯ ಅವನ ಜೊತೆಯಲ್ಲೇ ಇರುವವರು. ಅಡುಗೆಮನೆ ಮಗಳ ಕೈಗೆ ಬಂತು. ಪಾವು ಕಾಣದೆ ಅವಳು ಸ್ಟೀಲ್ ಲೋಟದಲ್ಲಿ ಅಕ್ಕಿ ಅಳೆಯತೊಡಗಿದಳು.

ಸುಂಕದ ಮನೆಯ ಬಾಗಿಲು ತೆಗೆದದ್ದು ಅದಾದ ಮೇಲೆ. ಸೂರು ಸರಿಮಾಡಿ, ಗೋಡೆಗೆ ಸುಣ್ಣ ಬಳಿದು, ಜನ ಬಂದು ನೋಡಲಿ ಎಂದು ಮ್ಯೂಸಿಯಂ ಮಾಡಿದರು. ಉಸ್ತುವಾರಿಗೆ ಬಂದ ಮೇಡಂ ಒಳ್ಳೆಯ ಹೆಂಗಸು. ಮುಳ್ಳಪ್ಪನ ಮನೆಗೇ ಬಂದು, ನೆಲದ ಮೇಲೆ ಚಕ್ಕಂಬಟ್ಟಲು ಹಾಕಿಕೊಂಡು ಕೂತು, ಪ್ರತಿಯೊಂದನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದಳು. ಗಾಡಿಗೆ ಸಾಮಾನು ಏರಿಸುವಾಗ ಮುಳ್ಳಪ್ಪ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಬಾಗಿಲಿಗೂ ಗಾಡಿಗೂ ಓಡಾಡಿದ. ಎಲ್ಲ ಕೊಟ್ಟ. ಪಾವೊಂದನ್ನು ಕೊಡಲು ಕೈ ಬರಲಿಲ್ಲ. ಅವನಿಗೆ ಹೆಂಡತಿ ಬೇಕಾಗಿದ್ದಳು, ಅಷ್ಟೇ. ಅವಳ ಸೀರೆಗಳನ್ನು ನೆಂಟರು ಹಂಚಿಕೊಂಡಾಗಿತ್ತು. ಫೋಟೊದಲ್ಲಿ ಅವಳು ಯಾರೋ ಬೈದು ಕೂರಿಸಿದ ಹಾಗೆ ಬಿಗಿದುಕೊಂಡಿದ್ದಳು. ದಿನಾ ಅವಳು ಕುಟ್ಟಿ ಕುಟ್ಟಿ ಮಾಡಿದ ಆ ತಗ್ಗಿನ ಮೇಲೆ ಹೆಬ್ಬೆರಳಿಟ್ಟು ಕೂತರೆ ಮಾತ್ರ ಮನಸ್ಸಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಮೇಡಂ ಕಪಾಟಿನ ಖಾಲಿ ಜಾಗವನ್ನು ಹಾಗೇ ಬಿಟ್ಟು, ಬಂದವರಿಗೆಲ್ಲ ತೋರಿಸಿ, ನಿಮ್ಮ ಮನೆಯ ಅಟ್ಟದಲ್ಲಿ ಹುಡುಕಿ ಎಂದು ಹೇಳತೊಡಗಿದಳು. ಜನ ಹುಡುಕಿದರು. ಮುದ್ರೆ ಇದೆಯೋ ಇಲ್ಲವೋ ನೋಡಲು ಮುಳ್ಳಪ್ಪನಲ್ಲದೆ ಇನ್ಯಾರು? ಅಂಗಡಿಗೆ ಪಾವುಗಳ ಮೆರವಣಿಗೆ ಶುರುವಾಯಿತು. ಮುದುಕಿಯೊಬ್ಬಳು ಉಪ್ಪಿನ ಡಬ್ಬಿಯನ್ನೇ ತಂದಳು. ಮುಳ್ಳಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, "ಅಲ್ಲ" ಎಂದು ವಾಪಸು ಕೊಡುತ್ತಿದ್ದ. ಮೇಜಿನ ಕೆಳಗೆ ಅವನ ಕಾಲಿಗೆ ಅಂಗಿಯ ಗಂಟು ತಗಲುತ್ತಿತ್ತು.

ಮಗಳು ಅದಕ್ಕಿಂತ ಮುಂದೆ ಹೋದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಪಾರ್ಸೆಲ್ ತಂದವರನ್ನೆಲ್ಲ ಪಾವಿನ ಬಗ್ಗೆ ವಿಚಾರಿಸಿದಳು. ಕೊನೆಗೆ ಅವಳ ಅನುಮಾನ ಸೋದರತ್ತೆಯ ಮೇಲೆ, ಅಂದರೆ ಮುಳ್ಳಪ್ಪನ ಅಕ್ಕನ ಮೇಲೆ ಹೋಗಿ ನಿಂತಿತು. ಅಮ್ಮ ತೀರಿಕೊಂಡ ದಿನಗಳಲ್ಲಿ ಅಡುಗೆಮನೆಯಲ್ಲಿ ಇದ್ದವಳು ಅತ್ತೆ, ಹೋಗುವಾಗ ಅವಳ ಚೀಲ ದಪ್ಪಗಿತ್ತು, ಅಷ್ಟೇ ಸಾಕಾಯಿತು. ಒಂದು ಭಾನುವಾರ ಅತ್ತೆ ಬಂದಾಗ ಮಗಳು ಮುಖಕ್ಕೆ ಹೊಡೆದ ಹಾಗೆ ಕೇಳಿಯೇಬಿಟ್ಟಳು. ಅಕ್ಕನದು ಊರಿಗೆಲ್ಲ ಕೇಳುವ ಬಾಯಿ. ಅವತ್ತು ಮಾತ್ರ ತಮ್ಮನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಅವನು ನೆಲ ನೋಡಿದ. ಅವಳು ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೋದಳು.

ಮುಳ್ಳಪ್ಪನಿಗೆ ಅನ್ನ ಸೇರದಾಯಿತು. ಜೀವಮಾನವೆಲ್ಲ ಇನ್ನೊಬ್ಬರ ಮೋಸ ಹಿಡಿದವನು, ಬಡಪಾಯಿ ಅಕ್ಕನ ತಲೆಗೆ ಕಳ್ಳತನ ಕಟ್ಟಿ ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಮರುದಿನ ಸಂಜೆ, ಅಕ್ಕಪಕ್ಕದ ಅಂಗಡಿಗಳು ಬಾಗಿಲೆಳೆಯುವ ಹೊತ್ತಿಗೆ, ಪಾವನ್ನು ಹೊರತೆಗೆದ. ಕೊಟ್ಟುಬಿಡುವುದೇ ಸರಿ. ಆದರೆ ಕಡಿಮೆ ಅಳೆಯುವುದನ್ನು ಹೊಸ್ತಿಲು ದಾಟಿಸುವುದು ಹೇಗೆ? ತಗ್ಗು ಏಳಿಸಲೇಬೇಕು. ಪಾವನ್ನು ಕಬ್ಬಿಣದ ಗೂಟಕ್ಕೆ ಬೋರಲು ಹಾಕಿ, ಮರದ ಕೊಡತಿ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಇಳಿದರೆ ಅವಳು ಅಷ್ಟು ವರ್ಷ ಕುಟ್ಟಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಕಚೇರಿ ಮುಗಿಸಿ ಅಪ್ಪನನ್ನು ಮನೆಗೆ ಕರೆದೊಯ್ಯಲು ಬಂದ ಮಗಳು ಅವನನ್ನು ಕಂಡದ್ದು ಹಾಗೆ, ಕೊಡತಿ ಎತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು.

ಅವಳಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಅತ್ತೆಯ ಮುಖಕ್ಕೆ ತಾನು ಅಂದ ಮಾತುಗಳನ್ನೆಲ್ಲ ಒಂದೊಂದಾಗಿ ಅಪ್ಪನ ಮೇಲೆ ಎಸೆದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ನಾಳೆ ಅಕ್ಕನ ಕಾಲಿಗೆ ತಾನೇ ಬೀಳುತ್ತೇನೆ ಎಂದ. ಆಮೇಲೆ ಮೆಲ್ಲಗೆ, "ಇದೊಂದಾದ್ರೂ ನಂಗೆ ಉಳೀಲಿ ಅನ್ನಿಸ್ತು ಕಣಮ್ಮ" ಎಂದ. ಮಗಳ ಸಿಟ್ಟು ಅಲ್ಲಿಗೆ ನಿಂತಿತು. ಕೊಡತಿಯನ್ನು ಅವನ ಕೈಯಿಂದ ತೆಗೆದಿಟ್ಟು, ಇದನ್ನು ಹೀಗೇ ಕೊಡೋಣ ಎಂದಳು. ಕಡಿಮೆ ಅಳತೆ, ಆಗಲ್ಲ ಎಂದ ಅವನು.

"ಅಮ್ಮ ಅಳೆದಿದ್ದು ಯಾವತ್ತಪ್ಪ ಕಡಿಮೆ ಬಿದ್ದಿದ್ದು?"

ಅವನು ಪರೀಕ್ಷೆಗೆಂದು ಇಟ್ಟಿದ್ದ ಅಕ್ಕಿಯ ಡಬ್ಬ ಎಳೆದು, ತನ್ನ ತಪಾಸಣೆಯ ಸೇರನ್ನು ಮೇಜಿನ ಮೇಲಿಟ್ಟ. ನಾಲ್ಕು ಪಾವಿಗೆ ಸೇರು ತುಂಬಬೇಕು. ರೂಢಿಯಂತೆ ಪ್ರತಿ ಸಲವೂ ಮರದ ಪಟ್ಟಿ ಎಳೆದು ಬಾಯಿ ಸಮಮಾಡಿ ಅಳೆದ. ಸೇರು ತುಂಬಲಿಲ್ಲ. ಹೆಂಡತಿ ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಗೋಪುರ ಎಬ್ಬಿಸಿ ಅಳೆದ. ಅಕ್ಕಿ ಸೇರಿನ ಮೇಲೆ ಉಕ್ಕಿ ಮೇಜಿನ ತುಂಬ ಚೆಲ್ಲಿತು. ಮತ್ತೆ ಅಳೆದ, ಈ ಸಲ ಕಡಿಮೆ ಬಂತು. ದಿನಾ ಪಕ್ಕದಲ್ಲೇ ನಿಂತು ಜಗಳವಾಡಿದವನಿಗೆ ಅವಳ ಕೈ ಎಷ್ಟು ಹಾಕುತ್ತಿತ್ತು ಎಂಬುದೇ ಗೊತ್ತಿರಲಿಲ್ಲ. ಸೇರನ್ನು ಡಬ್ಬಕ್ಕೆ ಬರಿದುಮಾಡಿ ಪಾವನ್ನು ಕೆಳಗಿಟ್ಟ.

ಮಗಳು ಪಾವು ಎತ್ತಿಕೊಂಡಳು. ಅಡುಗೆಮನೆಯಲ್ಲಿ ಬೇರೇನೋ ಯೋಚಿಸುತ್ತ ಮೊಗೆಯುವವಳ ಹಾಗೆ ಮೊಗೆದಳು. ಡಬ್ಬದ ಅಂಚಿಗೆ ಟಣ್ ಟಣ್. ಮೇಲೊಂದು ಹಿಡಿ. ಸೇರಿಗೆ ಸುರಿದಳು. ಮತ್ತೆ ಮೊಗೆದು, ಕುಟ್ಟಿ, ಸುರಿದಳು. ನಾಲ್ಕನೆಯದು ಸುರಿದು ಪಾವನ್ನು ಕೆಳಗಿಟ್ಟಳು.

ಮುಳ್ಳಪ್ಪ ಪಟ್ಟಿ ತೆಗೆದುಕೊಂಡು ಸೇರಿನ ಬಾಯಿಯ ಮೇಲೆ ಎಳೆದ. ಒಂದು ಕಾಳು ಕೆಳಗೆ ಬೀಳಲಿಲ್ಲ, ಎಲ್ಲೂ ಒಂದು ಕಾಳಿನ ಜಾಗ ಖಾಲಿ ಇರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದ. ನಂತರ ಮಗಳ ಕೈಯನ್ನು, ಬಳೆಗೆ ಅಂಟಿಕೊಂಡಿದ್ದ ಅಕ್ಕಿಯ ಹುಡಿಯನ್ನು ನೋಡಿದ.

"ನಾಳೆ ಕೊಟ್ಬಿಡೋಣ," ಎಂದ. "ಹೀಗೇ ಕೊಡೋಣ. ತಟ್ಟೋದು ಬೇಡ."

ಮಗಳು ತಲೆಯಾಡಿಸಿ, ಚೆಲ್ಲಿದ ಅಕ್ಕಿಯನ್ನು ಬಳಿದು ಡಬ್ಬಕ್ಕೆ ಹಾಕಿ, ಹೊತ್ತಾಯಿತು, ಏಳಿ ಎಂದಳು. ಅವನು ಏಳಲಿಲ್ಲ. ಸೇರಿನಲ್ಲಿದ್ದುದನ್ನೆಲ್ಲ ಮತ್ತೆ ಡಬ್ಬಕ್ಕೆ ಸುರಿದು, ಖಾಲಿ ಪಾವನ್ನು ಮಗಳ ಕೈಗೆ ಕೊಟ್ಟ.

"ಇನ್ನೊಂದ್ಸಲ ಅಳೆ, ತಾಯಿ" ಎಂದು ಕಣ್ಣು ಮುಚ್ಚಿಕೊಂಡ.