ನ್ಯೂಟ್ರಲ್ ಮುನಿಕೃಷ್ಣಪ್ಪ

ಶೇಷಾದ್ರಿಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುನಿಕೃಷ್ಣಪ್ಪನವರಿಗೆ ‘ನ್ಯೂಟ್ರಲ್’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ಇಳಿಜಾರು ಕಂಡರೆ ಸಾಕು, ಅವರ ಎಡಗೈ ತಾನಾಗಿಯೇ ಗೇರು ತಪ್ಪಿಸಿ ನ್ಯೂಟ್ರಲ್ಲಿಗೆ ತರುತ್ತಿತ್ತು. ಅಂಬಾಸಿಡರ್ ಕಾರು ಸದ್ದಿಲ್ಲದೆ ಉರುಳುವಾಗ, "ನೋಡಿ ಸ್ವಾಮಿ, ಭೂಮಿತಾಯಿ ಪುಕ್ಕಟೆ ಕರ್ಕೊಂಡು ಹೋಗ್ತಿದಾಳೆ" ಎಂದು ಹಿಂದೆ ಕುಳಿತವರಿಗೆ ಹೇಳುತ್ತಿದ್ದರು. ಹಾಗೆ ಉಳಿಸಿದ ಪೆಟ್ರೋಲಿನಿಂದಲೇ ಮಗ ಹರಿಕೃಷ್ಣನನ್ನು ಓದಿಸಿದೆನೆಂಬ ಹೆಮ್ಮೆ ಅವರದು. ಆ ಮಗ ಈಗ ಎಲೆಕ್ಟ್ರಿಕ್ ಕಾರು ಕೊಂಡಿದ್ದ.

ತಂಗಿ ಹರಿಣಾಕ್ಷಿಯ ಮಗಳು ಲಾವಣ್ಯಾಳ ಮದುವೆ ಚಾಮರಾಜಪೇಟೆಯ ಛತ್ರದಲ್ಲಿ ಗೊತ್ತಾಗಿತ್ತು. ತಂದೆಯಿಲ್ಲದ ಹುಡುಗಿ, ಸೋದರಮಾವನ ಹೆಗಲ ಮೇಲೆ ಬೆಳೆದವಳು. ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಪಾಲಿನ ಕೆಲಸ. "ನೀನೇ ಬರ್ಬೇಕು ಮಾವ. ಬೇರೆ ಯಾರು ಕರೆದ್ರೂ ನಾನು ಏಳಲ್ಲ" ಎಂದು ಅವಳು ಮೊದಲೇ ಮಾತು ತೆಗೆದುಕೊಂಡಿದ್ದಳು.

ಅಂಥ ದಿನ ಬೆಳಗ್ಗೆ, ಎಲ್ಲರೂ ಬೇಡವೆಂದರೂ ಕೇಳದೆ, ದೇವನಹಳ್ಳಿಯ ಆಚೆಯಿಂದ ಅಕ್ಕ ಲಕ್ಕಮ್ಮನವರನ್ನು ಕರೆತರಲು ಮುನಿಕೃಷ್ಣಪ್ಪನವರು ಮಗನ ಕಾರಿನಲ್ಲಿ ತಾವೇ ಹೊರಟರು. ಅಕ್ಕ ಸೀರೆಯ ನೆರಿಗೆ ಹಿಡಿದು ಮುಗಿಸುವಷ್ಟರಲ್ಲಿ ತಡವಾಗಿತ್ತು. ಕಾರನ್ನು ವೇಗದ ‘ಸ್ಪೋರ್ಟ್’ ಮೋಡಿಗೆ ಹಾಕಿ, ಎಸಿ ಜೋರು ಮಾಡಿ, ಹೆದ್ದಾರಿಯಲ್ಲಿ ಬಿಟ್ಟರು. ಕಾಲು ಸೋಕಿದರೆ ಸಾಕು, ಕಾರು ಚಿಮ್ಮುತ್ತಿತ್ತು.

ಹೆಬ್ಬಾಳದ ಹತ್ತಿರ ಬಂದಾಗ ಮುಂದಿನ ಪರದೆ ಕೆಂಪಾಯಿತು. ಹತ್ತು ಕಿಲೋಮೀಟರಿಗೆ ಸಾಕಾಗುವಷ್ಟೇ ಚಾರ್ಜು ಉಳಿದಿತ್ತು. ಛತ್ರ ಅದಕ್ಕಿಂತ ದೂರ. ಚಾರ್ಜಿಗೆ ನಿಂತರೆ ಮುಹೂರ್ತ ಮೀರುತ್ತದೆ. ಅಕ್ಕನ ಮಂಡಿನೋವಿಗೆ ಆಟೋ ಹತ್ತುವುದು ಆಗದ ಮಾತು. ಛತ್ರದಲ್ಲಿದ್ದ ಮಗನಿಗೆ ಫೋನು ಮಾಡಿದರು.

"ಅಪ್ಪ, ಯಾವ ಮೋಡಲ್ಲಿದೀಯ?"

"ಸ್ಪೋರ್ಟು."

"ಅಯ್ಯೋ! ಮೊದಲು ಇಕೋಗೆ ಹಾಕು, ಚಾರ್ಜು ಕಮ್ಮಿ ತಿನ್ನುತ್ತೆ. ಎಸಿ ಆರಿಸು. ಆಕ್ಸಿಲರೇಟರ್ ಮೇಲೆ ಕಾಲು ಮೆತ್ತಗೆ ಇಡು. ಇಳಿಜಾರಲ್ಲಿ ಮಾತ್ರ ನ್ಯೂಟ್ರಲ್ ಮಾಡ್ಬೇಡ."

"ಯಾಕೋ? ಉರುಳಿದ್ರೆ ಉಳಿತಾಯ ತಾನೆ?"

"ಅದು ಪೆಟ್ರೋಲ್ ಕಾರಿಗೆ ಅಪ್ಪ. ಇದ್ರಲ್ಲಿ ಗೇರಲ್ಲೇ ಇದ್ದು ಕಾಲು ತೆಗೆದ್ರೆ, ಚಕ್ರ ತಿರುಗೋ ಜೋರಿಗೆ ಬ್ಯಾಟರಿಗೆ ಕರೆಂಟ್ ವಾಪಸ್ ಬರುತ್ತೆ. ನ್ಯೂಟ್ರಲ್ ಮಾಡಿದ್ರೆ ಏನೂ ಬರಲ್ಲ. ಬೇಗ ಬಾ, ನಿನ್ ಜಾಗಕ್ಕೆ ಬೇರೆ ಯಾರನ್ನಾದ್ರೂ ನಿಲ್ಲಿಸಿ ಅಂತಿದಾರೆ ಪುರೋಹಿತರು. ಲಾವಣ್ಯಾ ಜಪ್ಪಯ್ಯ ಅಂದ್ರೂ ಏಳ್ತಿಲ್ಲ."

ಇಕೋ ಮೋಡಿನಲ್ಲಿ ಕಾರು ಮುದಿ ಎತ್ತಿನಂತೆ ನಡೆಯಿತು. ಹಿಂದಿನ ಗಾಡಿಗಳ ಹಾರ್ನು ಕಿವಿ ಸೀಳುತ್ತಿತ್ತು. ಬೆವರು ಕಣ್ಣಿಗಿಳಿಯಿತು. ಮೇಖ್ರಿ ಸರ್ಕಲ್ಲಿನ ಇಳಿಜಾರು ಬಂದೊಡನೆ, ಮಗನ ಮಾತು ಕಿವಿಯಲ್ಲಿರುವಾಗಲೇ, ಕೈ ನ್ಯೂಟ್ರಲ್ಲಿಗೆ ಹೋಗಿಬಿಟ್ಟಿತು. ಕಾರು ಹಗುರಾಗಿ ಉರುಳಿತು. ಬ್ಯಾಟರಿಗೆ ಮಾತ್ರ ಏನೂ ದಕ್ಕಲಿಲ್ಲ.

"ಅವನು ಹೇಳಿದ್ದು ಕೇಳಿಸ್ಲಿಲ್ವೇನೋ?" ಎಂದರು ಪಕ್ಕದಲ್ಲಿದ್ದ ಲಕ್ಕಮ್ಮ.

"ನಂಗೆ ಕೇಳಿಸ್ತು ಕಣಕ್ಕ. ಕೈಗೆ ಕೇಳಿಸ್ಲಿಲ್ಲ."

"ಕೊಡು ಇಲ್ಲಿ ಆ ಕೈನ!"

ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಎತ್ತಿಳಿಸಿ ಗಟ್ಟಿಯಾದ ಮುಷ್ಟಿ ಲಕ್ಕಮ್ಮನವರದು. ಗುಟ್ಟಹಳ್ಳಿಯ ಇಳಿಜಾರು ಬಂದಾಗ ತಮ್ಮನ ಮಣಿಕಟ್ಟನ್ನು ತಮ್ಮ ಮಡಿಲಿಗೆಳೆದು ಅದುಮಿಟ್ಟರು. ಮುನಿಕೃಷ್ಣಪ್ಪನವರು ಕಾಲು ತೆಗೆದರು. ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದಂತೆ ಕಾರು ತಾನೇ ನಿಧಾನಿಸಿತು. ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಐದು ಕಿಲೋಮೀಟರಿಗೆ ಇಳಿದಿದ್ದ ಅಂಕಿ ಮಿನುಗಿ ಆರಾಯಿತು.

"ಏರ್ತು ಕಣಕ್ಕ!"

"ರಸ್ತೆ ನೋಡೋ, ಮೂದೇವಿ!"

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿಗಳ ಮುಂದೆ ಕೈಗಾಡಿಗಳು ದಾರಿ ಕಟ್ಟಿದ್ದವು. ಅಂಕಿ ಎರಡಾಯಿತು, ಒಂದಾಯಿತು, ಕೊನೆಗೆ ಅಳಿಸಿ ಬರಿಯ ಗೆರೆ ಉಳಿಯಿತು. ಬ್ಯಾಟರಿ ಬರಿದಾಗುತ್ತಿದೆಯೆಂದು ಪರದೆಯ ಮೇಲೆ ಆಮೆಯ ಚಿತ್ರ ಬಂತು. ಆಮೆಯಂತೆಯೇ ತೆವಳುತ್ತ ಬಂದ ಕಾರು ಛತ್ರದ ಬಾಳೆಕಂಬದ ಬಳಿ ನಿಂತಿತು. ಮತ್ತೆ ಅಲುಗಲಿಲ್ಲ.

ಒಳಗೆ ವಾಲಗದವರು ಮದುಮಗಳನ್ನು ಕರೆಯಲು ಎರಡನೆಯ ಸಲ ಊದಲು ಉಸಿರು ಎಳೆದುಕೊಳ್ಳುತ್ತಿದ್ದರು. ಲಾವಣ್ಯಾ ಬಾಗಿಲ ಕಡೆಯೇ ನೋಡುತ್ತ ಕುಳಿತಿದ್ದಳು. ಮುನಿಕೃಷ್ಣಪ್ಪನವರು ಏದುಸಿರು ಬಿಡುತ್ತ ಎಡಗೈ ಚಾಚಿದರು. ಅವಳು ಎದ್ದಳು.

"ಕೈ ಯಾಕೆ ಮಾವ ಇಷ್ಟು ಕೆಂಪಾಗಿದೆ?"

"ನಿಮ್ಮ ದೊಡ್ಡಮ್ಮ ಇಷ್ಟು ಹೊತ್ತೂ ಹಿಡ್ಕೊಂಡಿದ್ರು ಕಣವ್ವ. ಈಗ ನೀನು ಹಿಡ್ಕೋ."